ಜಕ್ಕೆ ಇಳಿ ಜಾ

ಬೀದರಿನ ಪಂಢರಿ ಎಂಥ ಎಚ್ಚರದ ಮನುಷ್ಯನೆಂದರೆ, ಮನೆಗೆ ಬೀಗ ಹಾಕಿ ಓಣಿಯ ತುದಿ ಮುಟ್ಟಿದ ಮೇಲೂ ತಿರುಗಿ ಬಂದು ಅದನ್ನೊಮ್ಮೆ ಜಗ್ಗಿ ನೋಡುತ್ತಿದ್ದ. ಒಂದು ದಿನ ಹೀಗೆ ಜಗ್ಗುವಾಗ ಒಳಗಿನಿಂದ ಹೆಂಡತಿ ಕೇಶರಬಾಯಿಯ ದನಿ ಕೇಳಿತು: "ಬೀಗ ಗಟ್ಟಿ ಅದರಿ. ನೀವು ಹೋಗಿ ಬರ್ರಿ, ನಾ ಸಂಜಿತನಕ ಇಲ್ಲೇ ಕೂಡ್ತೇನಿ." ಅವಳನ್ನು ಒಳಗೇ ಬಿಟ್ಟು ಬೀಗ ಹಾಕಿದ್ದ.

ಇಂಥವನಿಂದ ಒಂದು ಇಡೀ ಊರು ಮೋಸಹೋದೀತೆಂದು ಯಾರೂ ಎಣಿಸಿರಲಿಲ್ಲ. ಹೋದದ್ದೂ ಅವನ ಅಜಾಗರೂಕತೆಯಿಂದಲ್ಲ, ಅತಿ ಜಾಗರೂಕತೆಯಿಂದ.

ಪಂಢರಿ ಒಂದು ಕಚೇರಿಯಲ್ಲಿ ಟಪಾಲು ಗುಮಾಸ್ತ. ಹಗಲು ಲಕೋಟೆಗಳಿಗೆ ಅಂಟು ಹಚ್ಚಿ, ಸಂಜೆ ಕಾಲೇಜಿನ ಬೆಂಚಿನ ಮೇಲೆ ತೂಕಡಿಸುತ್ತ ಬಿ.ಎ. ಮುಗಿಸಿದವನು. ಅಲ್ಲಿನ ಕನ್ನಡ ಮೇಷ್ಟರು ಹೇಳಿದ ಒಂದು ಮಾತು ಮಾತ್ರ ಅವನ ತಲೆಯಲ್ಲಿ ಮೊಳೆ ಹೊಡೆದಂತೆ ನಿಂತಿತ್ತು: "ಪ್ರಬಂಧದಾಗ ಒಂದ್ ಇಂಗ್ಲಿಷ್ ಶಬ್ದ ಕಂಡ್ರೂ ಮಾರ್ಕ್ಸ್ ಕಟ್!" ಮಾರ್ಕ್ಸ್ ಎಂಬುದೂ ಇಂಗ್ಲಿಷೇ ಎಂದು ಹೇಳುವ ಧೈರ್ಯ ಸಂಜೆ ತರಗತಿಯವರಿಗೆ ಇರಲಿಲ್ಲ.

ಹೀಗಾಗಿ ಪಂಢರಿ ಹೊಸ ಮೊಬೈಲು ಕೊಂಡು, ಅದರಲ್ಲಿ ಕಂಡದ್ದಕ್ಕೆಲ್ಲ ಹೆದರಿ, ಲೋಕಕ್ಕೂ ಎಚ್ಚರ ಹೇಳಬೇಕೆಂದು ಲೇಖನ ಬರೆಯಲು ಕೂತಾಗ, ಎಲ್ಲರೂ 'ನೆಟ್' ಎನ್ನುವುದನ್ನು 'ಅಂತರ್ಜಾಲ' ಎಂದು ಬರೆದ. ಪಾಸ್‌ವರ್ಡಿಗೆ 'ಗುಪ್ತಪದ' ಎಂದ. ತಲೆಬರಹ: 'ಅಂತರ್ಜಾಲ: ಲಾಭ ಮತ್ತು ಅಪಾಯ'. ಐದಾರು ಸಲ ತಿದ್ದಿ, 'ಕೋಟೆ ಕಹಳೆ' ಎಂಬ ವಾರಪತ್ರಿಕೆಗೆ ಕೊಟ್ಟು ಬಂದ.

ಆ ಪತ್ರಿಕೆಯ ಸಂಪಾದಕರು, ಮುದ್ರಕರು, ಕರಡು ತಿದ್ದುವವರು, ಹಂಚುವವರು ಎಲ್ಲ ಹಾವಗೆಪ್ಪನವರೊಬ್ಬರೇ. ಅದು ಎರಡು ಮಳೆಗಾಲ ಮೋಡ ತೋರಿಸಿ ಓಡಿಹೋದ ವರ್ಷ. ಊರಲ್ಲೆಲ್ಲ ನೀರಿನದೇ ಮಾತು. ಹಾವಗೆಪ್ಪನವರು ಕನ್ನಡಕ ಏರಿಸಿ ನೋಡಿದರು. ಪಾಪ, ಹುಡುಗ ಸಂಜೆ ಕಾಲೇಜಿನಲ್ಲಿ ಓದಿದವನು, ಹೋದಲ್ಲೆಲ್ಲ ಒಂದೇ ತಪ್ಪು ಮಾಡಿದ್ದಾನೆ ಎಂದುಕೊಂಡು, 'ಜಕ್ಕೆ ಇಳಿ ಜಾ' ಎಂದು ನಾವೆಲ್ಲ ಮಗ್ಗಿಯಂತೆ ಹಾಡಿ ಕಲಿತ ಆ ಇಳಿಯನ್ನು ಲೇಖನದುದ್ದಕ್ಕೂ ಕಿತ್ತು ಹಾಕಿದರು. ಜಾಲ ಜಲವಾಯಿತು. ಕೊನೆಯ ಸಾಲು ಮೋಟಾಗಿ ಕಂಡಿತೆಂದು ಲೇಖಕನ ಹೆಸರಿನ ಮುಂದೆ ಒಂದೆರಡು ಪದ ಸೇರಿಸಿದರು: 'ಪಂಢರಿ, ಬಿ.ಎ., ಅಂತರ್ಜಲ ತಜ್ಞರು'.

ಪತ್ರಿಕೆ ಬಂದ ದಿನ ಓಣಿಗೆ ನೀರಿನ ಟ್ಯಾಂಕರೂ ಬಂದಿತ್ತು. ಕೊಡ ಹಿಡಿದು ಹಿಂದೆ ನಿಂತಿದ್ದ ಪಂಢರಿಯನ್ನು ಕಂಡದ್ದೇ, ಎಂದೂ ಯಾರಿಗೂ ಸರದಿ ಬಿಟ್ಟುಕೊಡದ ಪಕ್ಕದ ಮನೆಯ ವಿಮಲಾಬಾಯಿ ಕೂಗಿದಳು:

"ಸರೀರಿ, ಸರೀರಿ! ನೀರಿನ ಸಾಹೇಬ್ರು ಬಂದ್ರು, ಅವ್ರ ಕೊಡ ಮುಂದ ಇಡ್ರಿ!"

"ಯಾರಿಗಿ ಅಂತೀರಿ ವಿಮಲಾಬಾಯಿ?" ಪಂಢರಿ ಹಿಂದೆ ತಿರುಗಿ ನೋಡಿದ.

"ನಿಮಗೇ ರೀ! ಇಷ್ಟ್ ದಿನ ನಮ್ಮ ಗ್ವಾಡಿಗಿ ಗ್ವಾಡಿ ಹಚ್ಚಿ ಇದ್ದೀರಿ, ಒಂದ್ ಮಾತ್ ಹೇಳಿಲ್ಲ ನೋಡ್ರಿ. ನಾವೇನು ನಿಮ್ಮ ನೀರು ಕದೀತಿದ್ದೆವಾ?"

ಎದುರು ಮನೆಯ ಉಸ್ಮಾನ ಮಿಯಾ ಅವನ ಹೆಗಲ ಮೇಲೆ ಕೈ ಹಾಕಿ ದನಿ ತಗ್ಗಿಸಿದರು. "ಪಂಢರಿ ಭಾಯ್, ನಮ್ಮ ಮನಿ ಹಿಂದ ಒಂದ್ ಪಾಯಿಂಟ್ ತೋರ್ಸರಿ. ವಿಮಲಾಬಾಯಿಗಿ ಹೇಳ್ಬ್ಯಾಡ್ರಿ. ನೀವೇ ಬರ್ದೀರಲ್ಲ, ಗುಪ್ತಪದ ಯಾರಿಗೂ ಹೇಳ್ಬಾರ್ದಂತ."

ಪಂಢರಿ ಕೊಡ ಅಲ್ಲೇ ಬಿಟ್ಟು ಹಾವಗೆಪ್ಪನವರ ಅಚ್ಚಿನ ಅಂಗಡಿಗೆ ಓಡಿದ.

"ಕಾಕಾ, ಇಳಿ ಎಲ್ಲಿ ಹೋಯ್ತ್ರಿ?"

"ಯಾವ ಇಳಿನೋ ತಮ್ಮಾ?"

"ಜಕ್ಕೆ ಇಳಿ! ನಾ ಬರ್ದಿದ್ದು ಜಾಲ ರೀ, ಮೊಬೈಲಿನಾಗಿಂದು!"

ಹಾವಗೆಪ್ಪನವರು ಲೇಖನವನ್ನು ಮತ್ತೆ ಓದಿದರು, ಒಂದು ಚಹಾ ತರಿಸಿ ಕುಡಿದರು, ಆಮೇಲೆ ಹೇಳಿದರು: "ಬರಗಾಲದಾಗ ಜಲ ಬಿಟ್ಟು ಜಾಲ ಯಾರಿಗಿ ಬೇಕೋ? ಇರ್ಲಿ, ಫಿಕರ್ ಮಾಡ್ಬ್ಯಾಡ. ಮುಂದಿನ ವಾರ ತಿದ್ದುಪಡಿ ಹಾಕ್ತೇನಿ."

ಹಾಕಿದರು. 'ಕಳೆದ ವಾರದ ಲೇಖನದಲ್ಲಿ ಅಂತರ್ಜಲ ಎಂದು ಅಚ್ಚಾಗಿರುವುದನ್ನು ಅಂತರ್ಜಾಲಿ ಎಂದು ಓದಿಕೊಳ್ಳಬೇಕು.' ಅದನ್ನು ಓದಿ ಪಕ್ಕದ ಅಷ್ಟೂರೆಂಬ ಹಳ್ಳಿಯಿಂದ ಒಬ್ಬ ರೈತ ಸೈಕಲ್ ತುಳಿದುಕೊಂಡು ಬಂದು, ಜಾಲಿ ಮರ ಇದ್ದ ಕಡೆ ನೀರಿರುತ್ತದೋ ಇಲ್ಲವೋ ಎಂದು ಕೇಳಿಹೋದ.

ಇಷ್ಟರಲ್ಲಿ ಕಚೇರಿಯ ಸಾಹೇಬರಿಂದ ಕರೆ ಬಂತು. ಭಾಲ್ಕಿಯಲ್ಲಿ ನೀರಿನ ಬಗ್ಗೆ ಜನಜಾಗೃತಿ ಸಭೆ, ಭಾಷಣಕ್ಕೆ ತಜ್ಞರು ಬೇಕು, ನಮ್ಮ ಕಚೇರಿಯಲ್ಲೇ ಒಬ್ಬರಿರುವುದು ಹೆಮ್ಮೆಯ ವಿಷಯ. ಪಂಢರಿ "ಸಾಹೇಬ್ರ, ಅದು ಖರೇ ಅಂದ್ರ..." ಎಂದು ಬಾಯಿ ತೆರೆದ. "ವಿನಯ ಸಾಕು" ಎಂದು ಸಾಹೇಬರು ಮುಚ್ಚಿಸಿದರು.

ಮನೆಯಲ್ಲಿ ಕೇಶರಬಾಯಿ, "ಹೋಗ್ರಿ. ಒಬ್ಬೊಬ್ಬರಿಗಿ ಹೇಳ್ಕೋತ ಯಾಕ ತಿರಗ್ತೀರಿ? ಮೈಕಿನಾಗ ಒಮ್ಮೆ ಹೇಳಿಬಿಡ್ರಿ, ಎಲ್ಲಾರ್ಗೂ ತಿಳೀತದ" ಎಂದಳು. ಈ ಮಾತು ಪಂಢರಿಗೆ ಸರಿಯೆನಿಸಿತು. ಅಂದರೆ, ಮುಂದೆ ಆದದ್ದಕ್ಕೆಲ್ಲ ಅವಳೂ ಸ್ವಲ್ಪ ಹೊಣೆ.

ಭಾಲ್ಕಿಯ ಸಭೆಯಲ್ಲಿ ಪೆಂಡಾಲಿನ ತುಂಬ ಜನ. ಖಟಕ ಚಿಂಚೋಳಿಯ ಬಸ್ಸಿನಲ್ಲಿ ಬಂದವರು ಮುಂದಿನ ಸಾಲು ಹಿಡಿದಿದ್ದರು. ಪಂಢರಿ ಒಣಗಿದ ತುಟಿ ಒದ್ದೆ ಮಾಡಿಕೊಂಡು ಮೈಕಿನ ಮುಂದೆ ನಿಂತ.

"ಮಾನ್ಯರೇ, ನನ್ನ ವಿಷಯ ಜಲ ಅಲ್ಲ, ಜಾಲ!"

ಮುಂದಿನ ಸಾಲಿನ ರುಮಾಲಿನ ಮುದುಕನೊಬ್ಬ ಎದ್ದು ನಿಂತು ಹಿಂದಿನವರಿಗೆ ಬಿಡಿಸಿ ಹೇಳಿದ: "ಕೇಳ್ರೆಪ್ಪಾ, ಭೂಮಿ ಒಳಗ ನೀರು ಜಾಲ ಹಬ್ಬಿದ್ಹಂಗ ಹಬ್ಬಿರ್ತದಂತ!" ಚಪ್ಪಾಳೆ ಬಿತ್ತು.

"ಹಂಗಲ್ರಿ! ಇಳಿ! ಜಕ್ಕೆ ಇಳಿ ಬಿಟ್ಟಾರ್ರಿ. ಇಳಿ, ಇಳಿ!"

"ಇನ್ನಾ ಇಳೀಬೇಕಂತ. ನಾವು ನಾಕ್‌ನೂರ್ ಫೂಟಿಗೇ ಬೋರ್ ನಿಲ್ಲಿಸೇವಲ್ಲ, ಅಲ್ಲೇ ತಪ್ಪಿದ್ದು ನೋಡು!" ಮುದುಕ ಪಕ್ಕದವನಿಗೆ ಹೇಳಿದ.

ಪಂಢರಿ ಬೆವತ. ಕೊನೆಗೆ ಮೇಷ್ಟರ ಆಣೆಯನ್ನೂ ಮುರಿದು ಗಂಟಲು ಹರಿಯುವಂತೆ ಕೂಗಿದ: "ನೆಟ್ರೀ! ನೆಟ್ಟು! ನೆಟ್ಟು!"

"ನೆಟ್ಟಗ ಇಳೀಬೇಕಂತ," ಮುದುಕ ತಲೆಯಾಡಿಸಿದ. "ಸೊಟ್ಟ ಇಳಿದ್ರ ನೀರು ತಪ್ಪತದ."

ಇನ್ನು ಲೇಖನವನ್ನೇ ಓದಿಬಿಡೋಣ, ವಿಷಯ ಕೇಳಿದರಾದರೂ ತಿಳಿದೀತು ಎಂದು ಪಂಢರಿ ಜೇಬಿನಿಂದ ಹಾಳೆ ತೆಗೆದ.

"'ಅದರ ಆಳ ಬಲ್ಲವರಿಲ್ಲ. ಒಮ್ಮೆ ಇಳಿದವನು ಇನ್ನೂ ಇಳಿಯುತ್ತಲೇ ಹೋಗುತ್ತಾನೆ, ಹೊತ್ತಿನ ಪರಿವೆ ಇರುವುದಿಲ್ಲ...'"

"ಖರೇ ಮಾತು," ಮುದುಕ ನಿಟ್ಟುಸಿರು ಬಿಟ್ಟ. "ನಮ್ಮ ಕಾಕಾನೂ ಹಿಂಗೇ ಇಳಕೋತ ಹೋದ."

"'ಚಿಕ್ಕ ಮಕ್ಕಳನ್ನು ಅದರ ಬಳಿ ಒಂಟಿಯಾಗಿ ಬಿಡಕೂಡದು. ಕೆಲಸ ಮುಗಿದ ಮೇಲೆ ಮುಚ್ಚಿಯೇ ಏಳಬೇಕು. ತೆರೆದಿಟ್ಟು ಹೋಗುವವನು ತನಗಷ್ಟೇ ಅಲ್ಲ, ಮನೆಮಂದಿಗೆಲ್ಲ ಕುತ್ತು ತರುತ್ತಾನೆ.'"

ಹೆಂಗಸರು ಮಡಿಲಲ್ಲಿದ್ದ ಕೂಸುಗಳನ್ನು ಎದೆಗೆ ಅವಚಿಕೊಂಡರು. ವೇದಿಕೆಯ ಮೇಲಿದ್ದ ದೊಡ್ಡ ಸಾಹೇಬರು ಎದ್ದು, ನೀರು ಬೀಳದೆ ಬಾಯಿ ತೆರೆದುಕೊಂಡು ಬಿದ್ದಿರುವ ಬೋರ್‌ವೆಲ್‌ಗಳನ್ನೆಲ್ಲ ಈ ವಾರವೇ ಮುಚ್ಚಬೇಕೆಂದು ಅಲ್ಲೇ ಹುಕುಂ ಹೊರಡಿಸಿದರು. ಮುಚ್ಚಿಯೂ ಬಿಟ್ಟರು. ಅದರಿಂದ ಎಷ್ಟು ಮಕ್ಕಳ ಜೀವ ಉಳಿಯಿತೋ ಯಾರು ಬಲ್ಲರು! ಅಂತರ್ಜಾಲದ ಲಾಭಗಳಲ್ಲಿ ಇದೂ ಒಂದೆಂದು ಪಂಢರಿ ತನ್ನ ಲೇಖನದಲ್ಲಿ ಬರೆದಿರಲಿಲ್ಲ.

ಅವನಿಗೆ ಶಾಲು ಹೊದಿಸಿದರು. ಅದನ್ನು ಹೊದ್ದುಕೊಂಡೇ ಹೇಗೋ ತಪ್ಪಿಸಿಕೊಳ್ಳಬೇಕೆಂದು ಪೆಂಡಾಲಿನ ಹಿಂದಿನಿಂದ ನುಸುಳಿದರೆ, ಎದುರಿಗೆ ಹೆಂಡತಿಯ ತಮ್ಮ ದತ್ತಾತ್ರಿ. ಅವನ ಹಿಂದೆ ಔರಾದ ತಾಲೂಕಿನ ಡಾಬಕಾದ ನಾಲ್ಕಾರು ಮಂದಿ, ಒಂದು ಜೀಪು.

"ಮಾಮಾ! ಮನಿಯಾಗೇ ಇಂಥ ಮನಷ್ಯಾ ಇಟ್ಕೊಂಡು ನಾವು ಊರೆಲ್ಲ ಹುಡ್ಕಿದೆವು ನೋಡ್ರಿ. ಹತ್ರಿ ಜೀಪು!"

"ಎಲ್ಲಿಗೋ?"

"ನಮ್ಮೂರಿಗಿ. ಪಂಚಾಯ್ತಿಗಿ ಒಂದೇ ಒಂದು ಬೋರ್ ಮಂಜೂರಾಗ್ಯದ. ಬೋರ್ ಗಾಡಿ ನಾಳೆ ಬರ್ತದ. ಕೂಲಿ ಮುಕಾದಮನ ಟೆಂಪೋನೂ ನಾಳೇನೇ ಬರ್ತದ, ಪುಣೆಕ್ಕ ಕೆಲಸಕ್ಕ ಕರ್ಕೊಂಡು ಹೋಗ್ಲಾಕ. ನೀರು ಬಿದ್ರ ಯಾರೂ ಹತ್ತಂಗಿಲ್ಲಂತ ಮಾತಾಗ್ಯದ. ಬೀಳ್ಲಿಲ್ಲಂದ್ರ ನಾನೂ, ನನ್ನ ಹೆಂಡ್ತಿ, ಕೂಸು, ಎಲ್ಲಾರೂ ಹೊಂಟೇವು. ಅವ್ವ ಒಬ್ಬಾಕಿ ಉಳೀತಾಳ."

"ದತ್ತಾತ್ರಿ, ಒಂದ್ ಮಾತು ಕೇಳು. ನಾ ಬರ್ದಿದ್ದು ನೀರಿಂದಲ್ಲ."

ದತ್ತಾತ್ರಿ ಜೊತೆಯವರತ್ತ ತಿರುಗಿ ನಕ್ಕ. "ನಾ ಹೇಳಿದ್ದಿಲ್ಲ? ನಮ್ಮ ಮಾಮಾಗ ಸೊಕ್ಕೇ ಇಲ್ಲ."

ಡಾಬಕಾದಲ್ಲಿ ಅತ್ತೆ ಶೇವಂತಾಬಾಯಿ ಇದ್ದ ನೀರಿನಲ್ಲೇ ಅಳಿಯನ ಕಾಲಿಗೆ ಒಂದು ತಂಬಿಗೆ ಕೊಟ್ಟಳು. ಆ ತಂಬಿಗೆ ನೋಡಿ ಪಂಢರಿಗೆ ಕಾಲು ತೊಳೆಯಲೂ ಮನಸ್ಸಾಗಲಿಲ್ಲ. ಬೆಳಿಗ್ಗೆ ಅವಳೊಬ್ಬಳೇ ಇದ್ದಾಗ ಹತ್ತಿರ ಕೂತು ಹೇಳಿಯೇಬಿಟ್ಟ.

"ಅತ್ತಿ, ನಿಮಗಾದ್ರೂ ಖರೇ ಹೇಳ್ತೇನಿ. ನನಗ ನೀರಿಂದೇನೂ ತಿಳ್ಯಂಗಿಲ್ಲ. ಜಾಲ ಹೋಗಿ ಜಲ ಆಗ್ಯದ."

ಶೇವಂತಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಜಲಾ ಅನ್ರಿ, ಜಾಲಾ ಅನ್ರಿ, ನಾ ಸಾಲಿ ಕಲ್ತಾಕಿ ಅಲ್ಲ. ಹೋದ್ಸಲ ತೆಂಗಿನಕಾಯಿ ಹಿಡ್ಕೊಂಡು ಬಂದವಗೂ ಏನೂ ತಿಳ್ದಿದ್ದಿಲ್ಲ. ಅಂವ ನಿಮ್ಹಂಗ ಹೇಳಿಲ್ಲ, ಅಷ್ಟೇ. ನನ್ನ ಮೊಮ್ಮಗ ಟೆಂಪೋ ಹತ್ಬಾರ್ದು. ಎಲ್ಲೆರೆ ಒಂದ್ ಕಡಿ ಬಟ್ಟು ಮಾಡಿ ತೋರ್ಸರಿ."

ಅಂಗಳದಲ್ಲಿ ಆ ಮೊಮ್ಮಗ ಖಾಲಿ ಕೊಡದೊಳಗೆ ತಲೆ ಹಾಕಿ, "ಆಯೀ!" ಎಂದು ಅಜ್ಜಿಯನ್ನು ಕೂಗಿ, ತನ್ನ ದನಿಯೇ ತಿರುಗಿ ಬಂದದ್ದಕ್ಕೆ ಕೇಕೆ ಹಾಕಿ ನಗುತ್ತಿತ್ತು.

ಪಂಢರಿಗೆ ಒಂದೇ ದಾರಿ ಹೊಳೆಯಿತು. ಹಾವಗೆಪ್ಪನವರಿಗೆ ಫೋನು ಮಾಡಿ, ಸ್ಪೀಕರಿನಲ್ಲಿ ಪಂಚಾಯ್ತಿಯವರಿಗೆಲ್ಲ ಅವರ ಬಾಯಿಂದಲೇ ತಪ್ಪು ಒಪ್ಪಿಸುವುದು. ಹಾಗಾದರೂ ಬೋರ್ ಗಾಡಿ ನಿಂತೀತು, ಯಾರಾದರೂ ನಿಜವಾದ ತಜ್ಞರು ಬಂದಾರು. ಮೊಬೈಲು ತೆಗೆದ. ಸಿಗ್ನಲ್ಲಿನ ಒಂದು ಕಡ್ಡಿಯೂ ಇಲ್ಲ.

ಮನೆಯಿಂದ ಹೊರಬಂದ. ಮೊಬೈಲನ್ನು ತಲೆಯ ಮೇಲೆ ಎತ್ತಿ ಹಿಡಿದು ಹಾಳು ಬಾವಿಯ ಕಡೆ ನಡೆದ. ಇಲ್ಲ. ಎಡಕ್ಕೆ ತಿರುಗಿದ. ಇಲ್ಲ. ಕಣ್ಣು ಪರದೆಯ ಮೇಲೆ ನೆಟ್ಟು ಕರಿ ನೆಲದ ಬಿರುಕುಗಳನ್ನು ದಾಟುತ್ತ ಹೋದ. ಹಿಂದೆ ಏನಾಗುತ್ತಿದೆ ಎಂಬುದು ಅವನಿಗೆ ಗೊತ್ತಾಗಲಿಲ್ಲ. ಮೊದಲು ದತ್ತಾತ್ರಿ ಹಿಂಬಾಲಿಸಿದ. ಆಮೇಲೆ ಪಂಚಾಯ್ತಿ ಸದಸ್ಯರು. ಆಮೇಲೆ ಇಡೀ ಡಾಬಕಾ, ಚಪ್ಪಲಿ ಸದ್ದೂ ಆಗದಂತೆ.

"ಕಾಯಿ ಇಲ್ಲ, ಬೇವಿನ ಕಡ್ಡಿ ಇಲ್ಲ," ಒಬ್ಬ ಪಿಸುಗುಟ್ಟಿದ. "ಬರೀ ಮಷೀನು!"

"ಶ್! ಮಾತಾಡಿದ್ರ ನೀರು ಸರೀತದ."

ಊರ ಹೊರಗಿನ ದಿಬ್ಬದ ಮೇಲೆ, ಮಹಾರಾಷ್ಟ್ರದ ಕಡೆ ಮುಖ ಮಾಡಿ ನಿಂತಾಗ, ಒಂದು ಕಡ್ಡಿ ಮಿಣುಕಿತು. ಪಂಢರಿ ಒಂದು ಹೆಜ್ಜೆ ಮುಂದಿಟ್ಟ. ಎರಡು ಕಡ್ಡಿ! ಇನ್ನೊಂದು ಹೆಜ್ಜೆ. ಕಡ್ಡಿಗಳೆಲ್ಲ ತುಂಬಿ, ಮೊಬೈಲು ಅಂಗೈಯಲ್ಲಿ ಕಪ್ಪೆಯ ಹಾಗೆ ಜಿಗಿದಾಡತೊಡಗಿತು.

"ಸಿಕ್ತು!" ಪಂಢರಿ ಎರಡೂ ಕಾಲೆತ್ತಿ ಹಾರಿದ. "ಸಿಕ್ತು, ಸಿಕ್ತು! ಇಲ್ಲೇ ಫುಲ್ ಅದ!"

ಹಿಂದಿನಿಂದ ಎದ್ದ ಕೂಗಿಗೆ ಅವನ ಕೈಯಿಂದ ಮೊಬೈಲೇ ಬಿತ್ತು. ಅದು ಬಿದ್ದ ಜಾಗಕ್ಕೆ ಯಾರೋ ಕುಂಕುಮ ಸುರಿದರು. ಇನ್ನಾರೋ ಕಾಯಿ ಒಡೆದರು. "ಕಾಯಿ ಬ್ಯಾಡ್ರಿ, ಇದು ವಿಜ್ಞಾನ..." ಎಂದು ಪಂಢರಿ ಅನ್ನುವಷ್ಟರಲ್ಲಿ ಅವನ ಹಣೆಗೂ ಕುಂಕುಮ ಬಿದ್ದಿತ್ತು. "ಫುಲ್ ಅದಂತ! ಮಾಮಾನೇ ಹೇಳಿದ್ರು, ಫುಲ್ ಅದಂತ!" ದತ್ತಾತ್ರಿ ಅವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಹೆಗಲ ಮೇಲೆ ಕೂತವನು ಸತ್ಯ ಹೇಳಿದರೆ ಯಾರಿಗೂ ಕೇಳಿಸುವುದಿಲ್ಲ. ಕೆಳಗಿಳಿದ ಮೇಲೆ ಕುಂಕುಮ ಮೆತ್ತಿದ ಮೊಬೈಲು ಎತ್ತಿಕೊಂಡು ಹಾವಗೆಪ್ಪನವರಿಗೆ ಫೋನು ಹಚ್ಚಿದರೆ, ಅವರು ಎತ್ತಲಿಲ್ಲ.

ಬೋರ್ ಗಾಡಿಯ ಮಕ್ಸೂದ ಮಧ್ಯಾಹ್ನದ ಹೊತ್ತಿಗೆ ಬಂದ. ಪಂಢರಿ ಅವನನ್ನು ಬದಿಗೆ ಕರೆದು ಕೈ ಮುಗಿದ. "ಮಕ್ಸೂದ ಭಾಯ್, ಇಲ್ಲಿ ಕೊರೀಬ್ಯಾಡ್ರಿ. ಇದು ನೆಟ್‌ವರ್ಕಿನ ಪಾಯಿಂಟು."

"ಹಾಂ, ನೆಟ್‌ವರ್ಕ್!" ಮಕ್ಸೂದನಿಗೆ ಅರ್ಥವಾಯಿತು. "ಭೂಮ್ಯಾಗ ಸೆಲೆಗೋಳು ಕೂಡೋ ಜಾಗ. ನಮಗೂ ತಿಳೀತದ್ರಿ, ಹದಿನೈದು ವರ್ಷದಿಂದ ಕೊರೀತಿದ್ದೇನಿ. ಆದ್ರ ನೋಡ್ರಿ, ನಾ ಮಷೀನಿಗಿ ಮಾಲಕ. ನೀರಿಗಿ ಮಾಲಕ ಮ್ಯಾಲ ಇದ್ದಾನ."

ಯಂತ್ರ ಗುಡುಗಿತು. ಬೂದಿ ಬಣ್ಣದ ಪುಡಿ ಎದ್ದು ಇಡೀ ಊರಿನ ತಲೆ ನರೆಯಿತು. ಪುಡಿ ನಿಂತು ಒದ್ದೆ ಮಣ್ಣು ಬರುವುದನ್ನು ಎಲ್ಲರೂ ಕಾದರು. ಊಟ ಬಿಟ್ಟು ಕಾದರು. ದಾರಿಯ ಬದಿಯಲ್ಲಿ ಮುಕಾದಮನ ಟೆಂಪೋ ಬಂದು ನಿಂತು ಹಾರನ್ನು ಹೊಡೆಯಿತು. ಯಾರೂ ತಿರುಗಲಿಲ್ಲ. ಶೇವಂತಾಬಾಯಿ ಮೊಮ್ಮಗನನ್ನು ಕಂಕುಳಲ್ಲಿ ಇಟ್ಟುಕೊಂಡು ಎಲ್ಲರಿಗಿಂತ ಮುಂದೆ ನಿಂತಿದ್ದಳು.

ಇದ್ದ ಪೈಪುಗಳೆಲ್ಲ ಇಳಿದು ಮುಗಿದವು. ಮಕ್ಸೂದ ಯಂತ್ರ ನಿಲ್ಲಿಸಿದ. ಮುಖದ ಪುಡಿ ಒರೆಸಿಕೊಂಡು ತಲೆ ಅಲ್ಲಾಡಿಸಿದ.

ಆ ಮೌನದಲ್ಲಿ ಪಂಢರಿಯ ಮಾತು ಕೊನೆಗೂ ಎಲ್ಲರಿಗೂ ಕೇಳಿಸಿತು. ಅವನು ಪುಸ್ತಕದ ಭಾಷೆ ಬಿಟ್ಟು ಅಳುತ್ತ ಹೇಳಿದ: "ನಾ ಬರ್ದಿದ್ದು ಮೊಬೈಲಿನ ನೆಟ್ಟಿನ ಬಗ್ಗೆ ರೀ. ಪೇಪರಿನವ್ರು ಇಳಿ ತಗದ್ರು. ಇಲ್ಲಿ ನನಗ ಸಿಕ್ಕಿದ್ದು ಸಿಗ್ನಲ್ಲು. ಮಾಫ್ ಮಾಡ್ರಿ."

ಯಾರೂ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತೆಂದು ಪಂಢರಿಗೆ ಅನ್ನಿಸಿತು. ಸದಸ್ಯರೊಬ್ಬರು, "ಹೋದ್ಸಲ ಕಾಯಿ ಸುಳ್ ಹೇಳಿತ್ತು, ಈ ಸಲ ಫೋನ್ ಹೇಳ್ತು. ಕಾಯಿ ಆದ್ರ ಚಟ್ನಿಗೆರೆ ಬರ್ತಿತ್ತು" ಎಂದು ಹೆಗಲ ಟವೆಲು ಕೊಡವಿ ಹೋದರು. ದತ್ತಾತ್ರಿ ಗಂಟು ಮೂಟೆ ತಂದು ಟೆಂಪೋದಲ್ಲಿಟ್ಟ. ಹೆಂಡತಿ ಹತ್ತಿದಳು. ಕೂಸನ್ನು ಕೊಡುವಾಗ ಶೇವಂತಾಬಾಯಿಯ ಕೈ ಬೇಗ ಬಿಡಲಿಲ್ಲ.

ಟೆಂಪೋ ಹೋದ ಮೇಲೂ ಅವಳು ಆ ದಿಬ್ಬದ ಮೇಲೇ ಕೂತಳು. ಪಂಢರಿ ತುಸು ದೂರದಲ್ಲಿ ಕೂತ. ಹೊತ್ತು ಇಳಿಯುವಾಗ ಅವನ ಜೇಬಿನಲ್ಲಿ ಮೊಬೈಲು ಬಡಿದುಕೊಂಡಿತು. ಹಾವಗೆಪ್ಪನವರಿರಬೇಕು, ಇನ್ನೊಂದು ತಿದ್ದುಪಡಿ ಹಾಕಿರಬೇಕು ಎಂದುಕೊಂಡು ತೆಗೆದರೆ, ಪರದೆಯ ಮೇಲೆ ಓಡುವ ಟೆಂಪೋ, ದತ್ತಾತ್ರಿಯ ಗಡ್ಡ, ಅದರ ಪಕ್ಕ ಒಂದು ಪುಟ್ಟ ಮೂಗು.

"ಆಯೀ!"

ಶೇವಂತಾಬಾಯಿ ಮೊಬೈಲನ್ನು ಕಸಿದುಕೊಂಡಳು. ಮುಂದೆ ನೋಡಿದಳು, ಹಿಂದೆ ತಿರುಗಿಸಿ ನೋಡಿದಳು, ಮತ್ತೆ ಮುಂದೆ ನೋಡಿದಳು. "ಉಂಡೇನೋ ನನ್ನಪ್ಪಾ?" ಎಂದಳು. ಆಮೇಲೆ ಅಳಿಯನ ಕಡೆ ತಿರುಗಿದಳು. "ನೀವು ಬರ್ದ ಜಾಲಾ ಅಂದ್ರ ಇದೇನ್ರಿ?"

"ಹೌದ್ರಿ ಅತ್ತಿ."

"ಇದನ್ನ ಮದಲೇ ಹೇಳ್ಲಾಕ ಏನ್ ಧಾಡಿ ಆಗಿತ್ತು?"

ಆ ಬೋರಿನ ಬಾಯಿಗೆ, ಪಂಢರಿಯ ಭಾಷಣದಿಂದ ಹೊರಟ ಹುಕುಂ ಪ್ರಕಾರವೇ, ಒಂದು ಚಪ್ಪಡಿ ಕಲ್ಲು ಮುಚ್ಚಿದರು. ಊರಲ್ಲಿ ಫುಲ್ ಸಿಗ್ನಲ್ ಸಿಗುವುದು ಆ ಕಲ್ಲಿನ ಮೇಲೆ ಮಾತ್ರ. ಪುಣೆಗೆ, ಹೈದರಾಬಾದಿಗೆ ಹೋದವರೆಲ್ಲ ಸಂಜೆ ಕೆಲಸ ಬಿಟ್ಟ ಮೇಲೆ ಫೋನು ಮಾಡುವುದು. ಎಲ್ಲರಿಗೂ ಒಂದೇ ಹೊತ್ತು, ಒಂದೇ ಕಲ್ಲು. ಜಗಳ ಹತ್ತಿತು. ಡಾಬಕಾದ ಹೆಂಗಸರಿಗೆ ಗೊತ್ತಿದ್ದ ನ್ಯಾಯ ಒಂದೇ: ಟ್ಯಾಂಕರಿಗೆ ಇಟ್ಟ ಹಾಗೆ ಇಲ್ಲಿಯೂ ಸರದಿಗೆ ಕೊಡ ಇಟ್ಟು ಹೋಗತೊಡಗಿದರು. ಒಂದರ ಹಿಂದೊಂದು ಖಾಲಿ ಕೊಡ, ಕಲ್ಲಿನಿಂದ ಬೇಲಿಯವರೆಗೆ.

ಅತ್ತೆಗೆ ಒಂದು ಹಳೆಯ ಮೊಬೈಲು ಕೊಟ್ಟು ಬರಲು ಪಂಢರಿ ಡಾಬಕಾಕ್ಕೆ ಹೋದ ದಿನವೇ ಔರಾದಿನಿಂದ ಟ್ಯಾಂಕರ್ ತನಿಖೆಯ ಸಾಹೇಬರ ಜೀಪು ಬಂತು. ಸಾಹೇಬರು ದಿಬ್ಬ ನೋಡಿದರು, ಬೋರ್ ನೋಡಿದರು, ಕೊಡಗಳ ಸಾಲು ನೋಡಿದರು. ಅವರ ಮುಖ ಅರಳಿತು.

"ಬೋರ್ ಸಕ್ಸೆಸ್ ಆಗ್ಯದ, ನೀವ್ಯಾರೂ ತಿಳಿಸಿಲ್ಲ! ಇನ್ನ ಈ ಊರಿಗಿ ಟ್ಯಾಂಕರ್ ಬಂದ್."

ಪಂಢರಿ ಓಡಿ ಮುಂದೆ ಬಂದ. "ಸಾಹೇಬ್ರ, ಇಲ್ಲಿ ನೀರು ಬರಂಗಿಲ್ರಿ!"

"ಮತ್ತ ಕೊಡ ಯಾಕ ಇಟ್ಟೀರಿ? ಇಲ್ಲೇನ್ ಬರ್ತದ?"

ಸಾಲಿನ ಮೊದಲ ಕೊಡದ ಪಕ್ಕ ಕೂತಿದ್ದ ಶೇವಂತಾಬಾಯಿ ಹೇಳಿದಳು: "ನನ್ನ ಮಗ ಬರ್ತಾನ್ರಿ. ಸೊಸಿ ಬರ್ತಾಳ, ಮೊಮ್ಮಗ ಬರ್ತಾನ. ಇನ್ನೊಂದ್ ಗಳಿಗಿ ಕೂಡ್ರಿ, ನಿಮಗೂ ತೋರಸ್ತೇನಿ."

ಸಾಹೇಬರು ಕೂತರು. ಮೊಮ್ಮಗ ಬಂದ, ಸಾಹೇಬರಿಗೆ ನಾಲಿಗೆ ಚಾಚಿ ತೋರಿಸಿ ಹೋದ. ಸಾಹೇಬರು ಪೆನ್ನು ತೆಗೆದರು.

"ಟ್ಯಾಂಕರ್ ಇರ್ಲಿ. ಆದ್ರ ಈ ಬೋರಿಂದು ನಾ ಏನಂತ ಬರೀಲಿ?"

"ನೆಟ್ ಸಿಗ್ತದಂತ ಬರೀರಿ ಸಾಹೇಬ್ರ," ಪಂಢರಿ ಹೇಳಿದ.

"ಸರಕಾರಿ ವರದಿ ರೀ ಇದು. ಇಂಗ್ಲಿಷ್ ಶಬ್ದ ನಡ್ಯಂಗಿಲ್ಲ." ಸಾಹೇಬರು ಗಂಭೀರವಾಗಿ ಬರೆದರು, ಬರೆಯುತ್ತ ಓದಿದರು: "ಸದರಿ ಕೊಳವೆ ಬಾವಿಯಲ್ಲಿ... ಅಂತರ್ಜಾಲ... ಮಾತ್ರ ಲಭ್ಯವಿರುತ್ತದೆ."

ಜೀಪು ಹೊರಟಿತು. ಪಂಢರಿ ಅದರ ಹಿಂದೆ ಓಡಿದ. "ಸಾಹೇಬ್ರ, ನಿಲ್ಲಸ್ರಿ! ಒಂದ್ ಸಲ ತೋರಸ್ರಿ. ಜಕ್ಕೆ ಇಳಿ ಅದನೋ ಇಲ್ಲೋ ನೋಡ್ತೇನಿ!"

ಸಾಹೇಬರು ಜೀಪು ನಿಲ್ಲಿಸಿ ತೋರಿಸಿದರು. ಇಳಿ ಇತ್ತು, ಉದ್ದಕ್ಕೆ, ಚೆಂದಾಗಿ. ಪಂಢರಿ ಕೈ ಮುಗಿದ. ಜೀಪು ಮತ್ತೆ ಹೊರಟಿತು.

ಪಂಢರಿ ನಿಶ್ಚಿಂತೆಯಿಂದ ದಿಬ್ಬದ ಕಡೆ ತಿರುಗಿ, ನಾಲ್ಕು ಹೆಜ್ಜೆ ನಡೆದು, ನಿಂತ. ಆಮೇಲೆ, ಹಾಕಿದ ಬೀಗ ಇನ್ನೊಮ್ಮೆ ಜಗ್ಗಿ ನೋಡಲು ಹೊರಟವನಂತೆ, ಧೋತರ ಎತ್ತಿ ಕಟ್ಟಿ ಮತ್ತೆ ಜೀಪಿನ ಹಿಂದೆ ಓಡಿದ.